ಚೆಕ್ಕರಕ್ಕ ಮನೆ ಮಾರಲು ಹೊರಟಿದ್ದು

ನಮ್ಮ ಕಟ್ಟಡದಲ್ಲಿ ಚೆಕ್ಕರಕ್ಕ ಯಾರ ಮನೆಗೆ ಹೊರಟರೂ ಆ ಮನೆಯವರು ಮೊದಲು ತಮ್ಮ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವಳ ಕಾಲು ಒಳಗೆ ಬರುವ ಮೊದಲೇ ಕಣ್ಣು ಒಳಗೆ ಬಂದಿರುತ್ತಿತ್ತು. ಪರದೆಯ ಹೊಲಿಗೆ ಒಂದು ಕಡೆ ಎಳೆದಿದೆ, ಚಿಲಕದ ತಿರುಪು ಸಡಿಲವಾಗಿದೆ, ಗೋಡೆ ಗಡಿಯಾರ ಎಡಕ್ಕೆ ವಾಲಿದೆ. ಹೇಳುವುದರಲ್ಲಿ ಕೊಂಕೂ ಇಲ್ಲ, ಕುಹಕವೂ ಇಲ್ಲ. "ಇಲ್ಲಿ ನೋಡು" ಎಂದು ಬೆರಳಿಟ್ಟು ತೋರಿಸಿ ತನ್ನ ಪಾಡಿಗೆ ತಾನು ಟೀ ಕುಡಿಯುತ್ತಿದ್ದಳು. ತೋರಿಸಿಕೊಂಡವರಿಗೆ ಮಾತ್ರ ಅವತ್ತು ಪೂರ್ತಿ ಮೈ ಉರಿಯುತ್ತಿತ್ತು. ಅವಳ ಮನೆಗೆ ಸರಿಯಾಗಿ ಕೆಳಗಿನ ಮನೆ ನನ್ನದು, ಹಾಗಾಗಿ ಎಲ್ಲರಿಗಿಂತ ಹೆಚ್ಚು ಉರಿದಿರುವುದು ನನಗೇ.

ಅವಳ ತಪ್ಪಲ್ಲ ಬಿಡಿ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಹುಪಾಲು ಆಯುಷ್ಯ ಚೆಕ್ಕರ್ ಆಗಿ ದುಡಿದವಳು. ಹೊಲಿಗೆ ಯಂತ್ರಗಳ ಸಾಲಿನ ಕೊನೆಯಲ್ಲಿ, ಕಣ್ಣು ಚುಚ್ಚುವಂಥ ಟ್ಯೂಬ್‌ಲೈಟಿನ ಕೆಳಗೆ ನಿಂತು, ಬಂದ ಅಂಗಿಯನ್ನೆಲ್ಲ ಒಳಹೊರಗು ತಿರುವಿ ನೋಡುವ ಕೆಲಸ. ಕಾಲರಿನ ತುದಿ, ತೋಳು ಕೂಡುವ ಜಾಗ, ಗುಂಡಿಯ ಕಾಜ, ಕೆಳಗಿನ ಮಡಿಕೆ. ಎಲ್ಲಿ ಹೊಲಿಗೆ ತಪ್ಪಿದೆಯೋ, ಎಲ್ಲಿ ಎಣ್ಣೆಯ ಕಲೆ ಇದೆಯೋ ಅದಕ್ಕೆ ಸರಿಯಾಗಿ ಗುರಿ ಹಿಡಿದು ಉಗುರಿನಷ್ಟು ದೊಡ್ಡ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ಹಾಕಬೇಕು. ಬಾಣ ಬಿದ್ದ ಅಂಗಿ ಹೊಲಿದವಳ ಹತ್ತಿರವೇ ವಾಪಸ್ಸು ಹೋಗುತ್ತದೆ. ಹೊಲಿಯುವ ಹೆಣ್ಣುಮಕ್ಕಳು ಬೆನ್ನ ಹಿಂದೆ ಶಾಪ ಹಾಕುತ್ತಿದ್ದರಂತೆ, ಎದುರಿಗೆ ಮಾತ್ರ "ಚೆಕ್ಕರಕ್ಕ, ಚೆಕ್ಕರಕ್ಕ" ಎಂದು ಬೆಣ್ಣೆ ಹಚ್ಚುತ್ತಿದ್ದರಂತೆ. ಆ ಹೆಸರು ಅವಳ ಜೊತೆ ಬಸ್ಸು ಹತ್ತಿ ನಮ್ಮ ಕಟ್ಟಡಕ್ಕೂ ಬಂತು. ನಿವೃತ್ತಿಯ ದಿನ ಸೂಪರ್‌ವೈಸರ್ ಅರ್ಧ ತಮಾಷೆಗೆ, ಅರ್ಧ ಪ್ರೀತಿಗೆ ಒಂದಿಷ್ಟು ಸ್ಟಿಕ್ಕರ್ ಸುರುಳಿಗಳನ್ನು ಅವಳ ಚೀಲಕ್ಕೆ ತುಂಬಿ ಕಳಿಸಿದ. ಪುಣ್ಯಾತ್ಮ, ಆ ಕೆಲಸ ಮಾಡದೇ ಇದ್ದಿದ್ದರೆ ಚೆನ್ನಾಗಿತ್ತು.

ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ಅವಳು ನನಗೆ ಅಕ್ಕ ಆದ ಮೇಲೆ ಅವರು ಭಾವ. ಬಾಯಿ ತುಂಬ ಮಾತು, ಮೈ ತುಂಬ ತಮಾಷೆ. ಬೀದಿಯ ಕೊನೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇರುವುದರಿಂದ ಅವರ ಬಾಯಲ್ಲಿ ನಾನು ಜೆರಾಕ್ಸಮ್ಮ. ಅವರು ನಿದ್ದೆ ಮಾಡುವಾಗ ಒಮ್ಮೆ ಚೆಕ್ಕರಕ್ಕ ಅವರ ಬೋಳು ತಲೆಗೆ ಕೆಂಪು ಬಾಣ ಅಂಟಿಸಿಬಿಟ್ಟಿದ್ದಳು. ಮಹಾರಾಯರು ಅದೇ ತಲೆಯಲ್ಲಿ ನನ್ನ ಅಂಗಡಿಯವರೆಗೂ ಬಂದು, ಗಿರಾಕಿಗಳೆಲ್ಲ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ತಾವೂ ನಕ್ಕು ಹೋದರು. ಅವರಿಗೆ ಮಕ್ಕಳಿಲ್ಲ. ಇಬ್ಬರೇ ಇದ್ದರೂ ಆ ಮನೆಯಿಂದ ನಾಲ್ಕು ಜನರ ಸದ್ದು ಬರುತ್ತಿತ್ತು.

ನಮ್ಮ ಕಟ್ಟಡಕ್ಕೆ ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಮೇಲಿನ ಮಹಡಿ ಅಗ್ಗಕ್ಕೆ ಸಿಗುತ್ತದೆಂದು ಅವರು ವಯಸ್ಸಿನಲ್ಲಿದ್ದಾಗ ನಾಲ್ಕನೆಯದನ್ನೇ ಕೊಂಡಿದ್ದರು. ಆಗ ಭಾವ ಒಂದು ಉಸಿರಿಗೆ ಹತ್ತುತ್ತಿದ್ದರಂತೆ. ನಿವೃತ್ತಿಯಾದ ಸ್ವಲ್ಪ ಸಮಯಕ್ಕೇ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಮಾತು ಮಾತ್ರ ಉಳಿಯಿತು. ಆಸ್ಪತ್ರೆಯಿಂದ ಕರೆತಂದ ದಿನ ಡಿಪೋದ ಗೆಳೆಯರು ಕುರ್ಚಿಯಲ್ಲಿ ಕೂರಿಸಿ ಹೊತ್ತು ಮೇಲಕ್ಕೆ ಬಿಟ್ಟರು. ಆಮೇಲೆ ಒಮ್ಮೆ ತಪಾಸಣೆಗೆಂದು ಕೆಳಗಿಳಿಸಲು ಹೋಗಿ, ಎರಡನೇ ಮಹಡಿಯ ತಿರುವಿನಲ್ಲಿ ಹೊತ್ತವನೊಬ್ಬನ ಕಾಲು ಜಾರಿ, ಕುರ್ಚಿ ಸಮೇತ ಭಾವ ಗೋಡೆಗೆ ಬಡಿದುಕೊಂಡರು. ಗಾಯವೇನೂ ದೊಡ್ಡದಲ್ಲ. ಆದರೆ ಆ ಗಾಬರಿಯಲ್ಲಿ ಎಲ್ಲರೆದುರು ಬಟ್ಟೆ ಒದ್ದೆಯಾಗಿಬಿಟ್ಟಿತು. ಬಸ್ಸಿನಲ್ಲಿ ಊರಿಗೆ ಊರನ್ನೇ ಕೂರಿಸಿಕೊಂಡು ಓಡಾಡಿಸಿದ ಮನುಷ್ಯ ಅವತ್ತು ಮಗುವಿನ ಹಾಗೆ ಮುಖ ಮುಚ್ಚಿಕೊಂಡು ಅತ್ತರು. ಇನ್ನು ನನ್ನನ್ನು ಯಾರೂ ಮೂಟೆಯ ಹಾಗೆ ಹೊರಬೇಡಿ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಆಮೇಲೆ ಡಾಕ್ಟರೇ ಮೇಲೆ ಬರುತ್ತಿದ್ದರು, ಏದುಸಿರು ಬಿಡುತ್ತಾ.

ಅವರ ಕುರ್ಚಿ ಹಜಾರದ ಕಿಟಕಿಯ ಹತ್ತಿರ. ಕೆಳಗೆ ಬಸ್ ನಿಲ್ದಾಣ. ಯಾವ ಬಸ್ಸು ತಡವಾಯಿತು, ಯಾರು ಬ್ರೇಕು ಜೋರಾಗಿ ಒತ್ತಿದರು, ಎಲ್ಲದರ ವರದಿ ನಮಗೆ ಸಿಗುತ್ತಿತ್ತು. ಒಂದು ದಿನ ನಾನು ಹೋದಾಗ ನಗುನಗುತ್ತಲೇ ಹೇಳಿದರು:

"ಜೆರಾಕ್ಸಮ್ಮ, ಇಲ್ಲಿಂದ ಬರೀ ಬಸ್ಸಿನ ನೆತ್ತಿ ಕಾಣುತ್ತೆ ಕಣಮ್ಮ. ನಾನು ಓಡಿಸಿದ ಗಾಡಿಗಳ ಮುಖ ನೋಡಿ ಎಷ್ಟು ದಿನ ಆಯ್ತು ಗೊತ್ತಾ? ಒಂದ್ಸಲ ಕೆಳಗೆ ಹೋಗ್ಬೇಕು, ಮತ್ತೆ ಮೇಲೆ ಹತ್ತಿಸಲ್ಲ ಅಂದ್ರೆ ಅದೊಂದು ಸಲ ಹೊರಿಸ್ಕೋತೀನಿ. ಮನೆ ಮುಂದೆ ಕುರ್ಚಿ ಹಾಕ್ಕೊಂಡು, ನೆಲಕ್ಕೆ ಕಾಲು ಊರ್ಕೊಂಡು, ಎದುರಿಗೆ ಬರೋ ಬಸ್ಸಿನ ಮುಖ ನೋಡ್ಬೇಕು. ಅಷ್ಟಾದ್ರೆ ಸಾಕು ನಂಗೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಚೆಕ್ಕರಕ್ಕ ಕೇಳಿಸಿಕೊಂಡಿದ್ದಳು.

ಮರುವಾರವೇ ಅವಳು ಹುಡುಕಿಕೊಂಡು ಬಂದಳು ನೋಡಿ ಒಂದು ಮನೆ. ಡಿಪೋದ ಹಿಂದಿನ ಗೇಟಿನ ಎದುರು, ಭಾವನ ಹಳೆಯ ಮೆಕ್ಯಾನಿಕ್ ಗೆಳೆಯನದು. ಎರಡೇ ಕೋಣೆ, ಆದರೆ ನೆಲಮಟ್ಟದ ಮನೆ, ಮುಂದೆ ಒಂದು ಜಗಲಿ. ಗೆಳೆಯ ಮಗಳ ಊರಿಗೆ ಹೊರಟಿದ್ದ, ಡ್ರೈವರಿಗಾದರೆ ಮಳೆಗಾಲ ಮುಗಿಯುವವರೆಗೂ ಕಾಯುತ್ತೇನೆ ಎಂದ. ನಾಲ್ಕನೇ ಮಹಡಿ ಮಾರಿದರೆ ಅದು ಕೈಗೆ ಬರುತ್ತದೆ. ಸುಮ್ಮನೆ ಎಲ್ಲಾದರೂ ಕೆಳಗಿನ ಮನೆ ಬಾಡಿಗೆಗೆ ಹಿಡಿಯಬಾರದೇ ಅಂತ ನಾನು ಕೇಳಿದೆ. "ಮನೆಯೋರು ಬಿಡು ಅಂದ ದಿನ ಇವರನ್ನ ಎತ್ಕೊಂಡು ಎಲ್ಲಿಗೆ ಹೋಗ್ಲಿ?" ಅಂದಳು.

ಮೊದಲು ಒಬ್ಬ ಬ್ರೋಕರ್ ಬಂದ. ಮಲಗುವ ಕೋಣೆಯ ಹೊರಗೋಡೆಗೆ ತೇವದ ತೊಂದರೆ ಇತ್ತು. ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ, ಹಾಸಿಗೆ ತಣ್ಣಗಾಗುತ್ತದೆ, ಮಲಗಿದವರಿಗೆ ಕೆಮ್ಮು ಹತ್ತುತ್ತದೆ. ಅದರ ಮೇಲೆ ಒಂದು ಕೋಟ್ ಬಣ್ಣ ಬಳಿಸಿಬಿಡಿ, ಬೇಸಗೆ ಮುಗಿಯುವುದರೊಳಗೆ ಮಾರಿಬಿಡೋಣ ಅಂದ. ಲಿಫ್ಟ್ ಬರುತ್ತೆ ಅಂತ ಬೇರೆ ಹೇಳೋಣ ಅಂದ.

"ಲಿಫ್ಟ್ ಬರುತ್ತಾ?" ಚೆಕ್ಕರಕ್ಕ ಕೇಳಿದಳು.

"ಬರುತ್ತೆ ಅನ್ನೋದು ನಮ್ಮ ಕೆಲಸ ಅಮ್ಮ. ಬರೋದು ಬಿಡೋದು ಆಮೇಲಿನ ಮಾತು."

"ಸರಿ, ಮೆಟ್ಟಿಲಲ್ಲೇ ಹೋಗಿ" ಅಂದಳು. ಅವನು ಟೀ ಲೋಟ ಅರ್ಧಕ್ಕೇ ಕೆಳಗಿಟ್ಟು ಕಾಲಿಗೆ ಬುದ್ಧಿ ಹೇಳಿದ.

ಆಮೇಲೆ ನನ್ನ ಹತ್ತಿರ ಬಂದಳು. "ಅದೇನೋ ಫೋನಲ್ಲಿ ನಾವೇ ಹಾಕಿ ಮಾರಬಹುದಂತಲ್ಲ, ಬ್ರೋಕರಿನ ಗೋಜೇ ಇಲ್ದೆ. ನಂಗೆ ಹಾಕ್ಕೊಡು." ನಾನೂ ಹುಮ್ಮಸ್ಸಿನಲ್ಲಿ ಒಪ್ಪಿಕೊಂಡೆ. ಮೇಲೆ ಹೋಗಿ ಕಿಟಕಿಗಳನ್ನೆಲ್ಲ ತೆರೆದು, ಒಗೆದ ಬಟ್ಟೆ ಬಚ್ಚಿಟ್ಟು, ಕೋಣೆ ಕೋಣೆಯ ಫೋಟೋ ತೆಗೆದೆ. ಭಾವ ತಾವೂ ಬರಬೇಕೆಂದು ಹಟ ಹಿಡಿದು, ಕೂದಲಿಲ್ಲದ ತಲೆಯನ್ನು ಬಾಚಿಸಿಕೊಂಡು ಒಂದು ಫೋಟೋಕ್ಕೆ ಕೂತರು. ತಾಪತ್ರಯ ಶುರುವಾದದ್ದು ಬರೆಯುವಾಗ. ಗಾಳಿ ಬೆಳಕು ಚೆನ್ನಾಗಿದೆ ಎಂದು ನಾನು ಬರೆದರೆ, ಅಡುಗೆಮನೆಗೆ ಮಧ್ಯಾಹ್ನದ ಮೇಲೆ ಬೆಳಕಿಲ್ಲ ಅಂತಾನೂ ಬರಿ ಅನ್ನುತ್ತಾಳೆ. ನೀರಿಗೆ ತೊಂದರೆಯಿಲ್ಲ ಎಂದರೆ, ಬಚ್ಚಲಿನ ನಲ್ಲಿ ಮುಚ್ಚಿದ ಮೇಲೂ ತೊಟ್ಟಿಕ್ಕುತ್ತೆ, ಅದು ಎಲ್ಲಿ ಬರೆದೆ ಅನ್ನುತ್ತಾಳೆ. ನಾನು ತಲೆ ಚಚ್ಚಿಕೊಂಡೆ.

"ಅಕ್ಕಾ, ಇದು ಮನೆ ಮಾರೋ ಜಾಹೀರಾತೋ, ಪೊಲೀಸ್ ಕಂಪ್ಲೇಂಟೋ?"

ಭಾವ ಬಿದ್ದೂ ಬಿದ್ದೂ ನಕ್ಕರು. "ಇವಳ ಕೈಲಿ ನನ್ನ ಮದುವೆ ಜಾಹೀರಾತು ಬರೆಸಿದ್ರೆ ನಂಗೆ ಹೆಣ್ಣೇ ಸಿಕ್ತಿರಲಿಲ್ಲ" ಅಂದರು. ಕೊನೆಗೆ ಅವಳು ಬೇರೆ ಕಡೆ ನೋಡುತ್ತಿದ್ದಾಗ ಗುಂಡಿ ಒತ್ತಿ ಹಾಕಿಯೇಬಿಟ್ಟೆ.

ಫೋನುಗಳು ಬಂದವು, ಯಾಕೆ ಬರುವುದಿಲ್ಲ! ಇನ್ನೂ ಇದೆಯಾ ಎಂದು ಕೇಳಿ, ಇದೆ ಎಂದ ಕೂಡಲೇ ಇಡುವವರು. ನಮಸ್ಕಾರ ಹೇಳುವ ಮೊದಲೇ ಕೊನೇ ರೇಟು ಕೇಳುವವರು. ಕೊಳ್ಳುವವರ ವೇಷ ಹಾಕಿಕೊಂಡ ಬ್ರೋಕರುಗಳು. ಮನೆಯ ಬದಲಿಗೆ ಒಂದು ಸರಕಿನ ಟೆಂಪೋ ಕೊಡುತ್ತೇನೆ ಎಂದವನೂ ಇದ್ದ; ಅವನ ಜೊತೆ ಭಾವ ಅರ್ಧ ಗಂಟೆ ಇಂಜಿನ್ನಿನ ವಿಷಯ ಮಾತಾಡಿದರು. ಫೋಟೋದಲ್ಲಿ ಮನೆ ಬಹಳ ಚೆನ್ನಾಗಿದೆ ಎಂದವರಿಗೆಲ್ಲ ಚೆಕ್ಕರಕ್ಕನ ಉತ್ತರ ಒಂದೇ: "ಫೋಟೋದಲ್ಲಿ ಎಲ್ಲರೂ ಚೆನ್ನಾಗೇ ಇರ್ತಾರೆ, ಬಂದು ನೋಡಿ."

ಮೊದಲ ಸಲ ನೋಡಲು ಬಂದದ್ದು ಬ್ಯಾಂಕಿನ ಗುಮಾಸ್ತ ಮತ್ತು ಅವನ ಹೆಂಡತಿ. ನಾನು ಅಂಗಡಿ ಮುಚ್ಚಿ ಓಡಿ ಬಂದು ಒಳಗೆ ಕಾಲಿಟ್ಟೆ ನೋಡಿ. ಮನೆ ತುಂಬ ಕೆಂಪು ಬಾಣಗಳು. ಕಿಟಕಿಯ ಕೆಳಗಿನ ಬಿರುಕಿಗೆ ಒಂದು, ತೊಟ್ಟಿಕ್ಕುವ ನಲ್ಲಿಗೆ ಒಂದು, ಸೀಳಿದ ನೆಲದ ಟೈಲಿಗೆ ಒಂದು, ಬಾಗಿಲು ಉಜ್ಜುವ ಜಾಗಕ್ಕೆ ಒಂದು. ಮಲಗುವ ಕೋಣೆಯ ತೇವದ ಗೋಡೆಗೆ ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲು. ಬಂದವರು ನೋಡದೆ ಹೋದಾರು ಎಂದು ಬೆಳಿಗ್ಗೆಯಿಂದ ಕೂತು ಅಂಟಿಸಿದ್ದಳಂತೆ. ಗುಮಾಸ್ತ ನಕ್ಕ, ಅವನ ಹೆಂಡತಿ ನಗಲಿಲ್ಲ. ಯೋಚಿಸಿ ಹೇಳುತ್ತೇವೆಂದು ಹೋದರು. ಅವರು ಇನ್ನೂ ಯೋಚಿಸುತ್ತಲೇ ಇದ್ದಾರೆಂದು ಕಾಣುತ್ತದೆ.

ಆಮೇಲೆ ಬಂದವರದ್ದೂ ಅದೇ ಕಥೆ. ಕೆಲವರಿಗೆ ಇದು ಮೋಜು, ಬಾಣಗಳ ಫೋಟೋ ತೆಗೆದುಕೊಂಡು ಹೋದರು. ಕೆಲವರಿಗೆ ಅನುಮಾನ, ಇಷ್ಟು ತೋರಿಸುವವಳು ಇನ್ನೆಷ್ಟು ಮುಚ್ಚಿಟ್ಟಿರಬಹುದೆಂದು. ಭಾವ ಕುರ್ಚಿಯಲ್ಲಿ ಕೂತೇ ವ್ಯಾಪಾರ ಕುದುರಿಸಲು ಒದ್ದಾಡುತ್ತಿದ್ದರು. "ಬಸ್ಸು ಇಲ್ಲೇ ಕಾಲಬುಡದಲ್ಲೇ ನಿಲ್ಲುತ್ತೆ ಸಾರ್, ಗಾಳಿ ನೋಡಿ ಎಂಥಾ ಗಾಳಿ" ಅನ್ನುತ್ತಿದ್ದರು. ಆ ಕಡೆಯಿಂದ ಚೆಕ್ಕರಕ್ಕ "ಗಾಳಿ ಜೊತೆ ಧೂಳೂ ಬರುತ್ತೆ" ಎಂದು ಸೇರಿಸುತ್ತಿದ್ದಳು. ಒಬ್ಬರು ಕಟ್ಟುತ್ತಾರೆ, ಇನ್ನೊಬ್ಬರು ಬಿಚ್ಚುತ್ತಾರೆ. ಮೊದಮೊದಲು ನಾವೆಲ್ಲ ನಕ್ಕೆವು. ಮೋಡ ಕಟ್ಟತೊಡಗಿದ ಮೇಲೆ ಯಾರಿಗೂ ನಗು ಬರಲಿಲ್ಲ.

ಒಂದು ಮಧ್ಯಾಹ್ನ ಮೇಲಿನಿಂದ ಭಾವನ ದನಿ ನನ್ನ ಮನೆಗೇ ಕೇಳಿಸಿತು. ಅವರು ಹೆಂಡತಿಯ ಮೇಲೆ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಓಡಿ ಹೋದೆ.

"ನಿಂಗೆ ನನ್ನ ಕೆಳಗಿಳಿಸೋಕೆ ಮನಸ್ಸಿಲ್ಲ. ಅದನ್ನಾದ್ರೂ ಬಾಯಿ ಬಿಟ್ಟು ಹೇಳು!"

ಚೆಕ್ಕರಕ್ಕ ಗೋಡೆಗೆ ಒರಗಿ ನಿಂತಿದ್ದಳು, ಕೈಯಲ್ಲಿ ಸ್ಟಿಕ್ಕರಿನ ಸುರುಳಿ. "ಹಾಗನ್ಬೇಡಿ ರೀ. ಜನ ಇರೋ ಬರೋದೆಲ್ಲ ಸೇರಿಸಿ ಮನೆ ತಗೋತಾರೆ. ಬಂದು ಸೇರ್ಕೊಂಡ ಮೇಲೆ ಗೋಡೆ ನೋಡಿ, ಆ ಹೆಂಗಸು ನಮಗೆ ಮೋಸ ಮಾಡಿದ್ಲು ಅಂದ್ರೆ? ತಪ್ಪು ಕಂಡ ಮೇಲೆ ಹಾಗೇ ಬಿಡೋಕೆ ನನ್ನ ಕೈಗೆ ಬರಲ್ಲ."

"ನಿನ್ನ ಕಾರ್ಖಾನೆ ನಿನ್ನನ್ನ ಮನೆಗೆ ಕಳಿಸಿ ಎಷ್ಟು ಕಾಲ ಆಯ್ತು? ಇನ್ನೂ ಯಾರ ಅಂಗಿ ನೋಡ್ತಾ ಇದೀಯ?" ಭಾವ ಎಡಗೈಯಿಂದ ತಮ್ಮ ಎದೆ ತಟ್ಟಿಕೊಂಡರು. "ನಾನೊಬ್ಬ ಇದೀನಲ್ಲೇ ಇಲ್ಲಿ. ನನ್ನನ್ನೂ ಸ್ವಲ್ಪ ನೋಡು."

ಅವಳು ಸುರುಳಿಯನ್ನು ಕೆಳಗಿಟ್ಟಳು. ಆಮೇಲೆ ಗೋಡೆಯ ಕಡೆ ತಿರುಗಿ ಉಗುರಿನಿಂದ ಒಂದೊಂದೇ ಬಾಣ ಕೀಳತೊಡಗಿದಳು. ಕುರ್ಚಿಗೆ ಎಟಕುವಷ್ಟನ್ನು ಭಾವ ತಮ್ಮ ಎಡಗೈಯಿಂದ ಕಿತ್ತರು. ಕೀಳುವಾಗ ಇಬ್ಬರೂ ಅಳುತ್ತಿದ್ದರು. ನಾನು ನಡುವೆ ನಿಂತು ಏನು ಮಾಡಬೇಕೋ ತಿಳಿಯದೆ ಉಳಿದದ್ದನ್ನು ಕಿತ್ತೆ.

ಮುಂದಿನ ಭಾನುವಾರ ಬಂದದ್ದು ಶಾಲಾ ವ್ಯಾನ್ ಓಡಿಸುವವನು, ಅವನ ಹೆಂಡತಿ, ಅವಳ ಹೆಗಲ ಮೇಲೆ ಒಂದು ಕೂಸು. ವ್ಯಾನಿನವನು ಮತ್ತು ಭಾವ ಕ್ಷಣದಲ್ಲಿ ಒಂದಾದರು. ಕ್ಲಚ್ಚು, ಗೇರು, ತಿರುವಿನಲ್ಲಿ ಅಡ್ಡ ಬರುವ ಸ್ಕೂಟರಿನವರು, ಒಂದೇ ಎರಡೇ! ಮಾರುವುದು ಯಾಕೆಂದು ಅವನು ಕೇಳಿದಾಗ ಭಾವ ಡಿಪೋದ ಎದುರಿನ ಜಗಲಿಯ ಕಥೆ ಬಣ್ಣಿಸಿ ಹೇಳಿದರು. "ಬೇಗ ತಗೋಳಪ್ಪ, ಅಲ್ಲಿ ನನ್ನ ಕುರ್ಚಿಗೆ ಜಾಗ ಇಟ್ಟು ಕಾಯ್ತಾ ಇದಾರೆ" ಎಂದು ನಕ್ಕರು. ಆ ಹೆಣ್ಣುಮಗಳು ಕೋಣೆಗಳನ್ನು ನೋಡಿದಳು, ಅಡುಗೆಮನೆಯಲ್ಲಿ ಡಬ್ಬಿಗಳನ್ನು ಎಲ್ಲಿಡಬೇಕೆಂದು ಆಗಲೇ ಮನಸ್ಸಿನಲ್ಲಿ ಇಟ್ಟು ನೋಡಿದಳು, ಮಲಗುವ ಕೋಣೆಯಲ್ಲಿ ತೊಟ್ಟಿಲಿಗೆ ಜಾಗ ಅಳೆದಳು. ಅದೇ ಗೋಡೆಯ ಪಕ್ಕ. ಮಳೆ ಇನ್ನೂ ಬಿದ್ದಿರಲಿಲ್ಲವಾದ್ದರಿಂದ ಗೋಡೆ ಒಣಗಿ ಸಭ್ಯವಾಗಿ ನಿಂತಿತ್ತು. ಚೆಕ್ಕರಕ್ಕ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನಾನು ಅವಳನ್ನು ನೋಡುವುದಕ್ಕೇ ಹೆದರಿ ಕೂಸಿನ ಜೊತೆ ಆಡುತ್ತಿದ್ದೆ.

ಎಲ್ಲ ಹಿಡಿಸಿತು. ವಾರದೊಳಗೆ ಅಡ್ವಾನ್ಸ್ ತರುತ್ತೇವೆಂದು ಎದ್ದರು. ಭಾವ ಎಡಗೈ ಚಾಚಿ ವ್ಯಾನಿನವನ ಕೈ ಹಿಡಿದುಕೊಂಡರು, ಬಿಡುವುದಕ್ಕೇ ಮನಸ್ಸಿಲ್ಲದವರ ಹಾಗೆ. ಗಂಡ ಚಪ್ಪಲಿ ಮೆಟ್ಟಿಕೊಂಡ. ಹೆಂಡತಿ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದಳು.

"ಅಕ್ಕಾ, ಮನೆ ಅಂತ ನಾವು ತಗೋತಿರೋದು ಇದೇ ಮೊದಲು. ನಮಗೇನೂ ಗೊತ್ತಾಗಲ್ಲ. ಕೂಸು ಬೇರೆ ಇದೆ. ನಾವು ನೋಡದೇ ಇರೋದು ಏನಾದ್ರೂ ಇದ್ರೆ ಹೇಳಿಬಿಡಿ."

ಅವಳು ಅಷ್ಟು ಕೇಳದೆ ಮೆಟ್ಟಿಲಿಳಿದು ಹೋಗಿದ್ದರೆ ಈ ಕಥೆ ಬೇರೆಯಾಗುತ್ತಿತ್ತು ಎಂದು ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ. ಚೆಕ್ಕರಕ್ಕ ಗಂಡನ ಕಡೆ ನೋಡಿದಳು. ಭಾವ ತಲೆಯನ್ನು ಬಹಳ ಸಣ್ಣಗೆ ಅಡ್ಡಡ್ಡ ಆಡಿಸಿದರು. ಅದು ಬೇಡ ಎನ್ನುವುದಲ್ಲ, ಬೇಡಿಕೊಳ್ಳುವುದು. ಅವಳು ಕೂಸಿನ ಕಡೆ ನೋಡಿದಳು.

"ತೊಟ್ಟಿಲು ಇಡ್ತೀನಿ ಅಂದ್ಯಲ್ಲಮ್ಮ, ಆ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತೆ. ಒಳಗಿಂದ ನೀರು ಬರುತ್ತೆ. ಇವರಿಗೂ ಅಲ್ಲಿ ಮಲಗಿಯೇ ಕೆಮ್ಮು ಹತ್ತಿದ್ದು, ಅದಕ್ಕೇ ಮಂಚ ಹಜಾರಕ್ಕೆ ತಂದಿದೀವಿ. ಕೂಸಿಗೆ ಆಗಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಥ್ಯಾಂಕ್ಸ್ ಅಕ್ಕ ಎಂದಳು ಅವಳು, ಮನಃಪೂರ್ವಕವಾಗಿಯೇ. ಹೆಜ್ಜೆ ಸದ್ದು ಒಂದೊಂದೇ ಮಹಡಿ ಇಳಿದು ಹೋಯಿತು. ಆ ವಾರ ಅವರು ಬರಲಿಲ್ಲ. ನಾನು ಫೋನ್ ಮಾಡಿದರೆ, ಬೇರೆ ಮನೆಗಳನ್ನೂ ನೋಡುತ್ತಿದ್ದೇವೆ ಎಂದು ವ್ಯಾನಿನವನು ಸಂಕೋಚದಿಂದ ಹೇಳಿದ.

ಭಾವ ಬೈಯುತ್ತಾರೆಂದು ನಾವು ಕಾದೆವು. ಬೈಯಲಿಲ್ಲ. ಅವರು ಮಾಡಿದ್ದು ಒಂದೇ. ಮರುದಿನ ಬೆಳಿಗ್ಗೆ ಕುರ್ಚಿಯನ್ನು ತಿರುಗಿಸಿ ಹಾಕಿಸಿಕೊಂಡರು, ಕಿಟಕಿಗೆ ಬೆನ್ನು ಮಾಡಿ. ಟೀ ಕೇಳಿದರು, ಔಷಧ ನುಂಗಿದರು, ನನ್ನನ್ನು ಜೆರಾಕ್ಸಮ್ಮ ಎಂದು ಕರೆದರು. ಕೆಳಗೆ ಬಸ್ಸು ಬಂದು ನಿಂತರೆ ಮಾತ್ರ ಕತ್ತು ತಿರುಗಿಸುತ್ತಿರಲಿಲ್ಲ. ಜಗಲಿಯ ಮಾತು ಎತ್ತಲಿಲ್ಲ, ಹೆಂಡತಿಯನ್ನು ಒಂದು ದಿನವೂ ಚುಚ್ಚಲಿಲ್ಲ.

"ಬೈದಿದ್ರೆ ಚೆನ್ನಾಗಿತ್ತು ಕಣೆ" ಎಂದು ಚೆಕ್ಕರಕ್ಕ ನನ್ನ ಮನೆಗೆ ಬಂದು ಅತ್ತಳು. ಅವತ್ತು ನನ್ನ ಪರದೆಯ ಹೊಲಿಗೆ ಅವಳ ಕಣ್ಣಿಗೆ ಬೀಳಲಿಲ್ಲ. "ನಾನು ಸುಳ್ಳು ಹೇಳೋಕೆ ಗಟ್ಟಿ ಮನಸ್ಸು ಮಾಡ್ಕೊಂಡಿದ್ದೆ. ಅವಳು ಕೇಳದೇ ಇದ್ದಿದ್ರೆ ಆಗ್ತಿತ್ತು. ಕೂಸು ಎತ್ಕೊಂಡು ಕೇಳಿದ್ಲು ನೋಡು." ನಾನು ಅವಳ ಬೆನ್ನು ಸವರಿದೆ. ಒಳಗೊಳಗೆ ನನಗೆ ಅವಳ ಮೇಲೆ ಸಿಟ್ಟೂ ಇತ್ತು. ಯಾವುದೋ ಗುರುತಿಲ್ಲದ ಕೂಸಿನ ಕೆಮ್ಮು ಮುಖ್ಯವಾಯಿತು, ಮನೆಯಲ್ಲಿರುವ ಮನುಷ್ಯನ ಆಸೆ ಮುಖ್ಯವಾಗಲಿಲ್ಲ. ಮರುಕ್ಷಣ ಕೂಸಿನ ಮುಖ ಕಣ್ಣಿಗೆ ಬರುತ್ತಿತ್ತು, ನಾನಾಗಿದ್ದರೆ ಏನು ಮಾಡುತ್ತಿದ್ದೆನೆಂದು ನನಗೇ ತಿಳಿಯುತ್ತಿರಲಿಲ್ಲ.

ಮಳೆ ಹಿಡಿಯಿತು. ಗೋಡೆ ಬೆವರತೊಡಗಿತು. ನೋಡಲು ಬರುವವರೂ ನಿಂತರು. ಮಳೆಗಾಲ ಅರ್ಧವಾಗಿತ್ತು. ಒಂದು ಬೆಳಿಗ್ಗೆ ಭಾವ ಹೆಂಡತಿಯನ್ನು ಕರೆದು ಟೀಗೆ ಸಕ್ಕರೆ ಕಡಿಮೆಯಾಗಿದೆ ಎಂದರಂತೆ. "ಬಾಣ ಹಚ್ಚು ಇದಕ್ಕೂ" ಎಂದು ನಕ್ಕರಂತೆ, ಎಷ್ಟೋ ದಿನದ ಮೇಲೆ. ಅವಳಿಗೆ ಹಿಗ್ಗೋ ಹಿಗ್ಗು. ಸಕ್ಕರೆ ಡಬ್ಬಿ ಹಿಡಿದು ಹೊರಗೆ ಬರುವಷ್ಟರಲ್ಲಿ ಲೋಟ ನೆಲದಲ್ಲಿ ಉರುಳುತ್ತಿತ್ತು. ಎರಡನೆಯ ಸಲ ಹೊಡೆದ ಪಾರ್ಶ್ವವಾಯು ಅವರನ್ನು ಮಾತಾಡಿಸಿಕೊಂಡು ಕೂರಲಿಲ್ಲ. ಡಾಕ್ಟರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಡಿಪೋದಿಂದ ಗೆಳೆಯರು ಬಂದರು, ಸಮವಸ್ತ್ರದಲ್ಲೇ. ಬಿಳಿ ಬಟ್ಟೆ ಹೊದಿಸಿ, ಹಲಗೆಗೆ ಕಟ್ಟಿ ಮೆಟ್ಟಿಲಿಳಿಸಿದರು. ಹೊತ್ತವರು ಎರಡನೇ ಮಹಡಿಯ ಹತ್ತಿರ ಬಂದಾಗ ಮೇಲಿನಿಂದ ಚೆಕ್ಕರಕ್ಕನ ದನಿ ಕೇಳಿಸಿತು. "ನಿಧಾನ ಕಣ್ರಪ್ಪಾ. ತಿರುವಲ್ಲಿ ಮೆಟ್ಟಿಲಿನ ಅಂಚು ಒಡೆದಿದೆ. ನೋಡ್ಕೊಂಡು. ಅವರಿಗೆ ಭಯ ಆಗುತ್ತೆ." ಹೊತ್ತವರಲ್ಲಿ ಒಬ್ಬ ಅಳು ತಡೆಯಲಾರದೆ ಹೆಗಲು ಬದಲಾಯಿಸಿಕೊಂಡ. ನನಗೂ ತಡೆಯಲಾಗಲಿಲ್ಲ. ಕೆಳಗೆ ಶವದ ವ್ಯಾನು ಬರುವುದು ತಡವಾಗಿ, ಸ್ವಲ್ಪ ಹೊತ್ತು ಬೀದಿಬದಿಯಲ್ಲೇ ಇಳಿಸಬೇಕಾಯಿತು. ನಿಲ್ದಾಣಕ್ಕೆ ಬಂದ ಬಸ್ಸಿನ ಡ್ರೈವರ್ ಗುರುತು ಹಿಡಿದು ಇಂಜಿನ್ ಆರಿಸಿ ಕೆಳಗಿಳಿದ. ಭಾವನ ಮುಖ ಮುಚ್ಚಿತ್ತು.

ಆಮೇಲೆ ನಾನು ದಿನವೂ ಅಂಗಡಿ ಮುಚ್ಚಿ ಮೇಲೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಜಾಹೀರಾತನ್ನು ತೆಗೆಯುವುದು ಇಬ್ಬರಿಗೂ ನೆನಪಾಗಿರಲಿಲ್ಲ. ಯಾರೋ ಫೋನ್ ಮಾಡಿ ಇನ್ನೂ ಇದೆಯಾ ಎಂದು ಕೇಳುತ್ತಿದ್ದರು, ಅವಳು ಅಭ್ಯಾಸಬಲದಿಂದ ಇದೆ ಎನ್ನುತ್ತಿದ್ದಳು. ಒಂದು ಸಂಜೆ ನಾನೇ ಅವಳ ಫೋನ್ ತೆಗೆದುಕೊಂಡು ಅದನ್ನು ಅಳಿಸಲು ಕೂತೆ. ಅಷ್ಟರಲ್ಲಿ ಕೈಯಲ್ಲೇ ಫೋನ್ ಹೊಡೆದುಕೊಂಡಿತು. ವ್ಯಾನಿನವನ ಹೆಂಡತಿ. ನಾನು ಸ್ಪೀಕರ್ ಹಾಕಿ ಅಕ್ಕನ ಮುಂದೆ ಹಿಡಿದೆ.

"ಅಕ್ಕಾ, ನೆನಪಿದೀನಾ? ಕೂಸು ಎತ್ಕೊಂಡು ಬಂದಿದ್ನಲ್ಲ. ಆಮೇಲೆ ನಾವು ಎಷ್ಟೊಂದು ಮನೆ ನೋಡಿದ್ವಿ ಅಕ್ಕ, ಒಬ್ರಾದ್ರೂ ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ. ಎಲ್ಲ ಕಡೆ ಹೊಸ ಬಣ್ಣ. ನಮ್ಮ ಪರಿಚಯದ ಮೇಸ್ತ್ರಿನ ಕೇಳಿದ್ವಿ, ಅಂಥ ಗೋಡೆ ಹೊರಗಡೆಯಿಂದ ಸರಿ ಮಾಡಬಹುದಂತೆ. ನಮಗೆ ನಿಮ್ಮ ಮನೇನೇ ಬೇಕು. ನಿಮ್ಮ ಮಾತಿನ ಮೇಲೆ ನಂಬಿಕೆ ಇದೆ."

ಆ ಕಡೆಯವಳು ಉತ್ಸಾಹದಲ್ಲಿ ಮುಂದುವರಿಸಿದಳು.

"ಮಳೆಗಾಲ ಮುಗಿಯೋದ್ರೊಳಗೆ ಆಗ್ಬೇಕು ಅಂತಿದ್ರಲ್ಲ ಅಂಕಲ್? ನಾಳೇನೇ ಅಡ್ವಾನ್ಸ್ ತರ್ತೀವಿ. ನಮ್ಮ ಮನೆಯೋರು ದಿನಾ ಅವರನ್ನ ನೆನೆಸ್ಕೋತಾರೆ. ಹೇಗಿದಾರೆ ಅಕ್ಕ ಅಂಕಲ್?"

ನಾನು ಫೋನ್ ಹಿಂದಕ್ಕೆ ತೆಗೆದುಕೊಳ್ಳಲು ಹೋದೆ, ನಾನೇ ಹೇಳಿಬಿಡೋಣವೆಂದು. ಚೆಕ್ಕರಕ್ಕ ನನ್ನ ಕೈ ತಡೆದಳು. ಫೋನನ್ನು ತಾನೇ ಹಿಡಿದು ಕಿಟಕಿಯ ಹತ್ತಿರ ಹೋದಳು.

"ಚೆನ್ನಾಗಿದಾರೆ ಕಣಮ್ಮ" ಅಂದಳು. ದನಿ ಎಳ್ಳಷ್ಟೂ ನಡುಗಲಿಲ್ಲ. "ಕೆಳಗೆ ಹೋಗಿದಾರೆ. ಬಸ್ಸು ನೋಡ್ಕೊಂಡು ಕೂತಿದಾರೆ."